ಕ್ಯಾರವಾನಿನ ಚಪ್ಪರವನ್ನು ಮಳೆಗಾಲಕ್ಕೆ ಎತ್ತಿಡುವ ಬಗೆ

ದಸರಾ ರಜೆಗೆ ಕ್ಯಾರವಾನ್, ಅಂದರೆ ಒಳಗೇ ಮಲಗಿ ಉಳಿಯಬಹುದಾದ ಪ್ರವಾಸದ ವಾಹನ, ಸಜ್ಜು ಮಾಡುವಾಗ ಚಪ್ಪರದ ಚೀಲದ ದಾರ ಬಿಚ್ಚಿದೆ. ಮುಗ್ಗಲು ವಾಸನೆ ಮೂಗಿಗೆ ಬಡಿಯಿತು. ಬಟ್ಟೆ ಬಿಡಿಸುತ್ತ ಹೋದಂತೆ ಹೊಲಿಗೆಯುದ್ದಕ್ಕೂ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕೆಗಳು. ಮಡಿಕೆ ಬಿದ್ದಲ್ಲಿ ಅವೇ ಒಂದಕ್ಕೊಂದು ಕೂಡಿ ಅಂಗೈಯಗಲದ ಮಸಿಯಾಗಿದ್ದವು. ಮೇ ತಿಂಗಳ ಕೊನೆಯಲ್ಲಿ ಕಾರವಾರದ ದೇವಬಾಗದ ಕಡಲಂಚಿನಲ್ಲಿ ಒಂದು ರಾತ್ರಿ ಕಳೆದು, ಬೆಳಗಿನ ಬಿಸಿಲಿಗೆ ಒಂದು ತಾಸು ಒಡ್ಡಿ ಸುತ್ತಿಟ್ಟ ಬಟ್ಟೆ ಅದು. ಮುಟ್ಟಿ ನೋಡಿದಾಗ ಒಣಗಿಯೇ ಇತ್ತು. ಕೆಳಸೆರಗಿನ ಎರಡು ಪದರದ ಹೊಲಿಗೆಯೊಳಗೆ ಮಾತ್ರ ತೇವ ಉಳಿದಿರಬೇಕು. ನಾಲ್ಕು ತಿಂಗಳಿಗೆ ಅಷ್ಟು ತೇವವೇ ಸಾಕಾಯಿತು.

ಅಂದಿನಿಂದ ಪ್ರತಿ ಮೇ ತಿಂಗಳಲ್ಲಿ ಎರಡು ಪೂರ್ತಿ ದಿನಗಳನ್ನು ಈ ಕೆಲಸಕ್ಕೇ ಮೀಸಲಿಟ್ಟಿದ್ದೇನೆ. ಕ್ಯಾರವಾನಿನ ಪಕ್ಕಕ್ಕೆ ಚಾಚಿ ನೆರಳು ಮಾಡುವ ಈ ಬಟ್ಟೆಗೆ ಅಂಗಡಿಯವರು ಆನಿಂಗ್ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಅದು ಚಪ್ಪರ. ಅದರ ಜೊತೆಗೆ ಬರುವ ಸೂಚನೆ ಪುಸ್ತಕಗಳು ಹೆಚ್ಚಾಗಿ ಯುರೋಪಿನ ಚಳಿಗಾಲವನ್ನು ಮನಸ್ಸಿನಲ್ಲಿಟ್ಟು ಬರೆದವು. ಅಕ್ಟೋಬರ್‌ನಲ್ಲಿ ಕಟ್ಟಿಡಿ, ವಸಂತದಲ್ಲಿ ಬಿಚ್ಚಿ ಎನ್ನುತ್ತವೆ. ನಮ್ಮಲ್ಲಿ ಲೆಕ್ಕ ತಿರುಗುಮುರುಗು. ಅಕ್ಟೋಬರ್‌ನಲ್ಲಿ ಬಿಚ್ಚಿ ಮೇ ತಿಂಗಳಲ್ಲಿ ಕಟ್ಟಬೇಕು. ಕಾರವಾರದ ಕಡೆ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ತಿಂಗಳುಗಳಲ್ಲಿ ಗಾಳಿಯ ತೇವಾಂಶ ಶೇಕಡಾ 80ರ ಮೇಲೆಯೇ ಇರುತ್ತದೆ. ಅಂಥ ಗಾಳಿಯಲ್ಲಿ ಮೂಲೆಗೆ ಬಿದ್ದ ಚರ್ಮದ ಚಪ್ಪಲಿಗೇ ಬೂಸಲು ಬರುವಾಗ ಮಡಚಿಟ್ಟ ಬಟ್ಟೆಯ ಪಾಡು ಹೇಳಬೇಕಾಗಿಲ್ಲ.

ಎಂದು ಎತ್ತಿಡಬೇಕು

ರೋಹಿಣಿ ಮಳೆ ಹುಟ್ಟುವ ಮುನ್ನ, ಅಂದರೆ ಮೇ 25ರೊಳಗೆ. ಮೃಗಶಿರ ಹುಟ್ಟುವವರೆಗೆ, ಜೂನ್ ಮೊದಲ ವಾರದವರೆಗೆ, ಕಾಯಬಹುದು ಎನಿಸುತ್ತದೆ. ಆದರೆ ಮೇ ಕೊನೆಯ ವಾರದಲ್ಲಿ ಎರಡು ದಿನ ಸತತ ಬಿಸಿಲು ಸಿಗುತ್ತದೆಂಬ ಭರವಸೆ ಇಲ್ಲ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ 61 ದಿನ ಮೀನುಗಾರಿಕೆ ನಿಷೇಧ. ಅದಕ್ಕೆ ಮುನ್ನ ಬಂದರುಗಳಲ್ಲಿ ಮೀನುಗಾರರು ಬಲೆ ಬಿಚ್ಚಿ, ಒಣಗಿಸಿ, ಒಳಗೆ ಸೇರಿಸುವುದನ್ನು ನೋಡಿದರೆ ನಮ್ಮ ಕೆಲಸಕ್ಕೂ ಅದೇ ಪಂಚಾಂಗ ಸಾಕು.

ಮೊದಲು ಬಟ್ಟೆ ಯಾವುದೆಂದು ತಿಳಿಯಿರಿ

ಚಪ್ಪರಗಳಲ್ಲಿ ಎರಡು ಜಾತಿ. ಒಂದು, ವಾಹನದ ಪಕ್ಕದ ಪೆಟ್ಟಿಗೆಯೊಳಗೆ ಸುರುಳಿಯಾಗಿ ಕೂರುವಂಥದ್ದು; ಹಿಡಿಕೆ ತಿರುಗಿಸಿದರೆ ಹೊರಗೆ ಬರುತ್ತದೆ. ಇನ್ನೊಂದು ಡೇರೆಯಂಥದ್ದು, ಒಳಗೆ ಹಗ್ಗ ಕೂಡಿಸಿ ಹೊಲಿದ ಅದರ ಅಂಚನ್ನು ವಾಹನದ ಅಲ್ಯೂಮಿನಿಯಂ ತೋಡಿನೊಳಗೆ ಎಳೆದು, ಕಂಬ ಕೊಟ್ಟು, ಗೂಟ ಹೊಡೆದು ನಿಲ್ಲಿಸುವುದು. ನಮ್ಮದು ಎರಡನೆಯದು. ಸುರುಳಿ ಚಪ್ಪರದ ಮಾತು ಕೊನೆಯ ಕಡೆ ಬರುತ್ತದೆ.

ಬಟ್ಟೆಗಳು ನಾಲ್ಕು ತರಹ. ಒಳಬದಿಗೆ ತೆಳು ಲೇಪವಿರುವ ಪಾಲಿಯೆಸ್ಟರ್ ಹಗುರ, ಬೇಗ ಒಣಗುತ್ತದೆ. ಅಕ್ರಿಲಿಕ್ ದಪ್ಪ, ಗಾಳಿ ಆಡುತ್ತದೆ, ಬಣ್ಣ ಎಳೆಯೊಳಗೇ ಕೂಡಿರುವುದರಿಂದ ಬಿಸಿಲಿಗೆ ಬೇಗ ಮಾಸುವುದಿಲ್ಲ. ಹತ್ತಿಯ ಕ್ಯಾನ್ವಾಸ್ ಎಲ್ಲಕ್ಕಿಂತ ಭಾರ, ನಮ್ಮ ಹವೆಯಲ್ಲಿ ಎಲ್ಲಕ್ಕಿಂತ ಬೇಗ ಬೂಸಲಿಗೆ ತುತ್ತಾಗುವುದೂ ಅದೇ. ಹತ್ತಿಯ ನಾರೇ ಬೂಸಲಿಗೆ ಆಹಾರ. ಪಿವಿಸಿ ಲೇಪದ ಬಟ್ಟೆ ರೆಕ್ಸಿನ್ನಿನಂತೆ, ನೀರು ಕುಡಿಯುವುದಿಲ್ಲ, ಆದರೆ ಎರಡು ಪದರಗಳ ನಡುವೆ ಸಿಕ್ಕ ನೀರನ್ನು ಹೊರಕ್ಕೂ ಬಿಡುವುದಿಲ್ಲ. ಒಂದೇ ಚಪ್ಪರದಲ್ಲಿ ಮೇಲ್ಛಾವಣಿ ಒಂದು ಬಟ್ಟೆ, ಗೋಡೆ ಇನ್ನೊಂದು, ಕೆಳಸೆರಗು ಮತ್ತೊಂದು ಇರುವುದು ಸಾಮಾನ್ಯ. ಒಳಮೂಲೆಯಲ್ಲಿ ಹೊಲಿದಿರುವ ಚೀಟಿಯನ್ನು ಓದಿ, ಅದರ ಚಿತ್ರವನ್ನು ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ. ಎರಡು ಮಳೆಗಾಲ ಕಳೆದರೆ ಆ ಚೀಟಿಯ ಅಕ್ಷರ ಅಳಿಸುತ್ತದೆ.

ಲೇಪದ ಪಾಲಿಯೆಸ್ಟರ್ ಇದ್ದವರಿಗೆ ಒಂದು ಎಚ್ಚರಿಕೆ. ಒಳಬದಿಯ ಪಾಲಿಯುರೆಥೇನ್ ಲೇಪವನ್ನು ಶಾಖ ಮತ್ತು ತೇವ ಒಟ್ಟಾಗಿ ಒಡೆಯುತ್ತವೆ. ಮೊದಲು ಅಂಟಂಟಾಗುತ್ತದೆ, ಆಮೇಲೆ ಹಾವಿನ ಪೊರೆಯಂತೆ ಸುಲಿಯುತ್ತದೆ. ಒಮ್ಮೆ ಸುಲಿಯತೊಡಗಿದರೆ ಯಾವ ದ್ರವವೂ ಅದನ್ನು ಮತ್ತೆ ಕೂಡಿಸುವುದಿಲ್ಲ. ತಗಡಿನ ಮಾಡಿನ ಕೆಳಗೆ, ಮೇ ತಿಂಗಳ ಕಾವು ಮತ್ತು ಜೂನ್‌ನ ತೇವ ಎರಡೂ ಸೇರುವ ಶೆಡ್ಡಿನಲ್ಲಿ ಇಂಥ ಬಟ್ಟೆಯನ್ನು ಖಂಡಿತ ಇಡಬೇಡಿ.

ಉಪ್ಪು ಹೋಗದೆ ಬಟ್ಟೆ ಒಣಗುವುದಿಲ್ಲ

ಇಡೀ ಕೆಲಸದಲ್ಲಿ ನನಗೆ ಅತಿ ತಡವಾಗಿ ಹೊಳೆದ ಸಂಗತಿ ಇದು. ಅಡುಗೆಮನೆಯ ಉಪ್ಪಿನ ಭರಣಿ ಜೂನ್ ಬಂದೊಡನೆ ನೀರೊಡೆಯುತ್ತದೆ. ಗಾಳಿಯ ತೇವಾಂಶ ಶೇಕಡಾ 75 ದಾಟಿತೆಂದರೆ ಉಪ್ಪು ತಾನಾಗಿ ನೀರು ಹೀರಿ ಕರಗತೊಡಗುತ್ತದೆ. ಕಡಲ ಉಪ್ಪಿನಲ್ಲಿ ಮೆಗ್ನೀಸಿಯಮ್‌ನ ಲವಣವೂ ಇರುವುದರಿಂದ ಅದಕ್ಕೆ ಇನ್ನೂ ಕಡಿಮೆ ತೇವವೇ ಸಾಕು. ಗೋಕರ್ಣದ ಬಳಿಯ ಸಾಣಿಕಟ್ಟಾದ ಕಲ್ಲುಪ್ಪು ಬಳಸುವ ಮನೆಗಳಲ್ಲಿ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕಡಲ ತೀರದಲ್ಲಿ ನಾಲ್ಕು ದಿನ ನಿಂತ ಚಪ್ಪರದ ಎಳೆಎಳೆಯಲ್ಲೂ ಅದೇ ಉಪ್ಪು ಕುಳಿತಿರುತ್ತದೆ. ಎಷ್ಟೇ ಬಿಸಿಲಿಗೆ ಹಾಕಿ ಕಟ್ಟಿಟ್ಟರೂ ಮೊದಲ ಮಳೆಯ ಗಾಳಿ ಬೀಸಿದಾಗ ಬಟ್ಟೆ ತಾನೇ ತಾನಾಗಿ ಒದ್ದೆಯಾಗುತ್ತದೆ. ಆದ್ದರಿಂದ ಒಣಗಿಸುವುದಕ್ಕೆ ಮೊದಲು ಸಿಹಿನೀರಿನಲ್ಲಿ ಉಪ್ಪು ತೆಗೆಯಬೇಕು.

ಸಿಹಿನೀರು ಎಂದದ್ದಕ್ಕೆ ಕಾರಣವಿದೆ. ಮೇ ತಿಂಗಳಲ್ಲಿ ಕಡಲಂಚಿನ ಎಷ್ಟೋ ಬಾವಿಗಳ ನೀರು ಸವುಳಾಗುತ್ತದೆ. ಆ ನೀರಿನಲ್ಲಿ ತೊಳೆದರೆ ಉಪ್ಪು ತೆಗೆದು ಉಪ್ಪು ಹಾಕಿದ ಹಾಗೆ. ನೀರನ್ನು ಬಾಯಿಗೆ ಹಾಕಿ ನೋಡಿ. ಕುಡಿಯಲು ಬಾರದ ನೀರು ಚಪ್ಪರಕ್ಕೂ ಬೇಡ. ಇದೇ ಕಾರಣಕ್ಕೆ ನಾನು ಕ್ಯಾರವಾನನ್ನು ದೇವಿಮನೆ ಘಟ್ಟ ಹತ್ತಿಸಿ ಶಿರಸಿಯ ಕಡೆ ದೊಡ್ಡಪ್ಪನ ಮನೆಗೆ ಒಯ್ಯುತ್ತೇನೆ. ಅಲ್ಲಿ ಬಾವಿಯ ನೀರು ಸಿಹಿ, ಕಡಲ ಗಾಳಿ ಇಲ್ಲ, ಅಡಿಕೆ ಒಣಗಿಸಿ ಮುಗಿದ ಅಂಗಳ ಆ ಹೊತ್ತಿಗೆ ಖಾಲಿ. ಎಲ್ಲರಿಗೂ ಘಟ್ಟದ ಮೇಲೆ ನೆಂಟರಿರುವುದಿಲ್ಲ; ನಲ್ಲಿಯಲ್ಲಿ ಬರುವ ಕುಡಿಯುವ ನೀರೂ ಆದೀತು.

ತೊಳೆಯುವ ಕ್ರಮ

ಮೊದಲು ಚಪ್ಪರವನ್ನು ನಿಲ್ಲಿಸಿಯೇ ಬಿಡಿ. ನೆಲದ ಮೇಲೆ ಹರಡಿ ತೊಳೆದರೆ ಒಂದು ಬದಿಯ ಮಣ್ಣು ಇನ್ನೊಂದು ಬದಿಗೆ ಹತ್ತುತ್ತದೆ. ಒಣಗಿದ್ದಾಗಲೇ ಮೃದುವಾದ ಪೊರಕೆಯಿಂದ ಮರಳನ್ನೂ ಗಾಳಿಮರದ ಸೂಜಿ ಎಲೆಗಳನ್ನೂ ಹಕ್ಕಿಯ ಹಿಕ್ಕೆಯನ್ನೂ ಉದುರಿಸಿ. ಕೆಳಸೆರಗಿನ ಮಡಿಕೆಯನ್ನು ಕೈಯಲ್ಲಿ ಹಿಡಿದು ಉದ್ದಕ್ಕೂ ಜಾರಿಸಿ ನೋಡಿ. ನಾನು ಪ್ರತಿ ಸಲ ಬೊಗಸೆ ಮರಳು ತೆಗೆಯುತ್ತೇನೆ. ಆ ಮರಳು ಒಳಗೇ ಉಳಿದು, ಮಡಚಿಟ್ಟ ಭಾರಕ್ಕೆ ಉಜ್ಜಿ ಲೇಪವನ್ನು ಗೀರುತ್ತದೆ, ಜೊತೆಗೆ ತೇವವನ್ನೂ ಹಿಡಿದಿಡುತ್ತದೆ.

ಆಮೇಲೆ ಸಾದಾ ನೀರು. ಮೇಲಿನಿಂದ ಕೆಳಗೆ ಪೈಪಿನಲ್ಲಿ ಬಿಡಿ, ಒಳಗೂ ಹೊರಗೂ. ವಾಹನ ತೊಳೆಯುವ ಜೋರು ನೀರಿನ ಯಂತ್ರ ಬೇಡ. ಅದು ಹೊಲಿಗೆಯ ಅಂಟುಪಟ್ಟಿಯನ್ನು ಎಬ್ಬಿಸುತ್ತದೆ. ಹೊಲಿಗೆ, ಜಿಪ್, ಹಗ್ಗ ಕಟ್ಟುವ ಲೋಹದ ಬಳೆಗಳು, ಈ ಮೂರರ ಮೇಲೆ ಹೆಚ್ಚು ಹೊತ್ತು ನೀರು ಹರಿಸಿ. ಅಂಚಿನಿಂದ ತೊಟ್ಟಿಕ್ಕುವ ನೀರನ್ನು ಬೆರಳಿಗೆ ಹಿಡಿದು ನಾಲಿಗೆಯ ತುದಿಗೆ ತಾಗಿಸಿದರೆ ಸಪ್ಪೆ ಇರಬೇಕು. ಸ್ವಲ್ಪವೇ ಉಪ್ಪೆನಿಸಿದರೂ ಇನ್ನೊಂದು ಸುತ್ತು.

ಕೊಳೆ ಉಳಿದಲ್ಲಿ ಮಾತ್ರ ಸೋಪು. ಬಟ್ಟೆ ಒಗೆಯುವ ಪುಡಿ, ಪಾತ್ರೆ ತೊಳೆಯುವ ದ್ರವ ಎರಡೂ ಬೇಡ. ನೀರು ತಡೆಯಲೆಂದು ಬಟ್ಟೆಗೆ ಕೊಟ್ಟ ಲೇಪವನ್ನು ಅವು ಎಬ್ಬಿಸುತ್ತವೆ. ಅದಕ್ಕಿಂತ ಕೆಟ್ಟದ್ದೆಂದರೆ ಅವುಗಳ ಶೇಷ ಬಟ್ಟೆಯಲ್ಲಿ ಉಳಿದು ನೀರನ್ನು ಎಳೆದುಕೊಳ್ಳುತ್ತದೆ. ಡೇರೆಗೆಂದೇ ಬರುವ ದ್ರವ ಸಿಕ್ಕರೆ ಸರಿ, ಇಲ್ಲವಾದರೆ ಮೃದುವಾದ ಸಾದಾ ಸೋಪನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕರಗಿಸಿ ಸ್ಪಂಜಿನಿಂದ ಒರೆಸಿ, ನೊರೆ ಪೂರ್ತಿ ಹೋಗುವವರೆಗೆ ತೊಳೆಯಿರಿ. ಬಿಸಿನೀರೂ ಬೇಡ, ಒಗೆಯುವ ಯಂತ್ರವಂತೂ ಬೇಡವೇ ಬೇಡ.

ಗೇರು ಹಣ್ಣಿನ ಕಲೆಯ ಬಗ್ಗೆ ಒಂದು ಮಾತು. ಮಾರ್ಚ್‌ನಿಂದ ಮೇವರೆಗೆ ನಮ್ಮ ಕರಾವಳಿಯ ನೆರಳೆಂದರೆ ಅರ್ಧಕ್ಕರ್ಧ ಗೇರು ಮರಗಳದ್ದೇ. ಆ ಹಣ್ಣಿನ ರಸ ಒಣಗಿ ಕಂದಾದ ಮೇಲೆ ಯಾವುದಕ್ಕೂ ಜಗ್ಗುವುದಿಲ್ಲ. ಬಿದ್ದ ಕೂಡಲೇ ನೀರು ಸುರಿದರೆ ಮಾತ್ರ ಉಂಟು. ಗೇರು ಮರದಡಿ ಚಪ್ಪರ ಹಾಕದಿರುವುದೇ ಮೇಲು. ತೆಂಗಿನ ಮರದಡಿಯೂ ಹಾಕಬಾರದು; ಅಲ್ಲಿ ಬೀಳುವುದು ರಸವಲ್ಲ, ಕಾಯಿ ಮತ್ತು ಹೆಡೆ.

ಬೂಸಲು ಬಂದಾಗಿದ್ದರೆ

ಚುಕ್ಕೆಗಳನ್ನು ಮೊದಲು ಒಣಗಿದ್ದಾಗಲೇ, ಮನೆಯಿಂದ ದೂರ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೃದು ಬ್ರಷ್‌ನಿಂದ ಕೆದರಿ. ಒದ್ದೆ ಮಾಡಿ ಉಜ್ಜಿದರೆ ಎಳೆಯೊಳಕ್ಕೆ ಇಳಿಯುತ್ತದೆ. ಆಮೇಲೆ ಒಂದು ಪಾಲು ಬಿಳಿ ವಿನೆಗರ್‌ಗೆ ನಾಲ್ಕು ಪಾಲು ನೀರು ಬೆರೆಸಿ, ಮೊದಲು ಕಾಣದ ಮೂಲೆಯಲ್ಲಿ ಹಚ್ಚಿ ಬಣ್ಣ ಬಿಡುವುದಿಲ್ಲವೆಂದು ನೋಡಿಕೊಂಡು, ಚುಕ್ಕೆಗಳ ಮೇಲೆ ಅರ್ಧ ತಾಸು ಬಿಟ್ಟು ತೊಳೆಯಿರಿ.

ಬ್ಲೀಚ್ ಬಳಸಲು ಬರುವುದು ಎಳೆಯೊಳಗೇ ಬಣ್ಣವಿರುವ ಅಕ್ರಿಲಿಕ್‌ಗೆ ಮಾತ್ರ, ಅದೂ ತಯಾರಕರ ಸೂಚನೆಯಲ್ಲಿ ಒಪ್ಪಿಗೆ ಇದ್ದರೆ. 4 ಲೀಟರ್ ನೀರಿಗೆ ಒಂದು ಕಪ್ ಬ್ಲೀಚ್, ಕಾಲು ಕಪ್ ಮೃದು ಸೋಪು; 15 ನಿಮಿಷಕ್ಕಿಂತ ಹೆಚ್ಚು ಬಿಡದೆ ಚೆನ್ನಾಗಿ ತೊಳೆಯಬೇಕು. ಹತ್ತಿಗೆ ಬ್ಲೀಚ್ ಹಾಕಿದರೆ ನಾರು ಸೊರಗುತ್ತದೆ, ಲೇಪದ ಪಾಲಿಯೆಸ್ಟರ್‌ಗೆ ಹಾಕಿದರೆ ಬಣ್ಣವೂ ಲೇಪವೂ ಕೆಡುತ್ತವೆ. ವಿನೆಗರ್ ಮತ್ತು ಬ್ಲೀಚ್ ಎಂದೂ ಒಟ್ಟಿಗೆ ಸೇರಬಾರದು. ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಒಂದನ್ನು ಹಾಕಿದ್ದರೆ ಅದೇ ದಿನ ಇನ್ನೊಂದರ ತಂಟೆಗೆ ಹೋಗಬೇಡಿ.

ಬೂಸಲು ಸತ್ತರೂ ಕಲೆ ಉಳಿಯಬಹುದು. ನಮ್ಮ ಚಪ್ಪರದ ಬಲಮೂಲೆಯಲ್ಲಿ ಅಂದಿನ ಮಸಿ ಇಂದಿಗೂ ಬೂದು ಬಣ್ಣದಲ್ಲಿ ಕಾಣುತ್ತದೆ. ಕಲೆಯನ್ನು ಪೂರ್ತಿ ತೆಗೆಯಲು ಹೊರಟು ಬಟ್ಟೆಯನ್ನು ಸವೆಸುವುದಕ್ಕಿಂತ ಕಲೆಯೊಂದಿಗೆ ಬಾಳುವುದು ಲೇಸು.

ನೀರು ತಡೆಯುವ ಲೇಪ

ಶುದ್ಧವಾದ ಬಟ್ಟೆಯ ಮೇಲೆ ಒಂದು ಚಮಚ ನೀರು ಚಿಮುಕಿಸಿ. ಕೆಸುವಿನ ಎಲೆಯ ಮೇಲಿನಂತೆ ಮಣಿಯಾಗಿ ಉರುಳಿದರೆ ಏನೂ ಮಾಡಬೇಕಾಗಿಲ್ಲ. ಹರಡಿ ಬಟ್ಟೆಯ ಬಣ್ಣ ಗಾಢವಾದರೆ ಲೇಪ ಸವೆದಿದೆ. ನಿಮ್ಮ ಬಟ್ಟೆಗೆ ಹೊಂದುವ ಜಲನಿರೋಧಕ ದ್ರವವನ್ನು ಸ್ಪ್ರೇಯಿಂದಲೋ ಅಗಲ ಬ್ರಷ್‌ನಿಂದಲೋ ಹೊರಬದಿಗೆ ಹಚ್ಚಿ ಒಣಗಲು ಬಿಡಿ. ಕೊಳೆ ಅಥವಾ ಸೋಪು ಉಳಿದ ಬಟ್ಟೆಗೆ ಹಚ್ಚಿದರೆ ಹಣ ದಂಡ. ಹೊಲಿಗೆಯಲ್ಲಿ ಹನಿ ಇಳಿಯುತ್ತಿದ್ದರೆ ಅಲ್ಲಿಗೆ ಬೇರೆಯೇ ಹೊಲಿಗೆ ಅಂಟು ಬರುತ್ತದೆ, ಅದನ್ನು ಒಳಬದಿಯಿಂದ ಹಚ್ಚಬೇಕು. ಹೊಸ ಹತ್ತಿ ಕ್ಯಾನ್ವಾಸ್ ಮೊದಲ ಮಳೆಯಲ್ಲಿ ಹೊಲಿಗೆಯ ಬಳಿ ಸೋರಿದರೆ ಗಾಬರಿ ಬೇಡ. ಎರಡು ಮೂರು ಸಲ ನೆನೆಸಿ ಒಣಗಿಸಿದರೆ ನೂಲು ಉಬ್ಬಿ ಸೂಜಿಯ ತೂತುಗಳು ಮುಚ್ಚಿಕೊಳ್ಳುತ್ತವೆ.

ಒಣಗಿಸುವುದು

ದೊಡ್ಡಪ್ಪನ ಅಂಗಳದಲ್ಲಿ ಮೊದಲ ಸಲ ಚಪ್ಪರ ಒಣಗಿಸಿದ ದಿನ ಮಧ್ಯಾಹ್ನ ಎರಡಕ್ಕೇ ಮಡಚಲು ಹೊರಟಿದ್ದೆ. ಅವರು ಜಗಲಿಯಿಂದ ಇಳಿದು ಬಂದು, ಮೇಲ್ಬಟ್ಟೆಯನ್ನು ಮುಟ್ಟದೆ, ನೇರವಾಗಿ ಮೂಲೆಯ ಹೊಲಿಗೆಯನ್ನು ಎರಡು ಬೆರಳಲ್ಲಿ ಹಿಸುಕಿದರು. ಬೆರಳ ತುದಿಯಲ್ಲಿ ಪಸೆ ಕಂಡಿತು. "ತಮ್ಮಾ, ಸಿಪ್ಪೆ ಒಣಗಿದ್ದು ಕಂಡು ಅಡಿಕೆ ಒಣಗಿತೆಂದು ಹೇಳಲಾಗುವುದಿಲ್ಲ. ಅಲ್ಲಾಡಿಸಿ ಕೇಳಬೇಕು" ಎಂದರು. ಚಾಲಿ ಅಡಿಕೆಯನ್ನು 40–45 ದಿನ ಬಿಸಿಲಿಗೆ ಹಾಕುವವರ ಮಾತು ಅದು. ಕಿವಿಯ ಬಳಿ ಅಲ್ಲಾಡಿಸಿದಾಗ ಒಳಗಿನ ಅಡಿಕೆ ಸಿಪ್ಪೆಯಿಂದ ಬಿಟ್ಟು ಕಟಕಟ ಎನ್ನಬೇಕು. ಅಲ್ಲಿಯವರೆಗೆ ಹೊರಗಿನ ಬಣ್ಣಕ್ಕೆ ಬೆಲೆಯಿಲ್ಲ. ಚಪ್ಪರದಲ್ಲಿ ಒಳಗಿನ ಅಡಿಕೆ ಎಂದರೆ ಹೊಲಿಗೆ, ಕೆಳಸೆರಗು, ಜಿಪ್ಪಿನ ಮೇಲಿನ ಮುಚ್ಚಳಪಟ್ಟಿ, ಹಗ್ಗ ಕೂಡಿಸಿ ಹೊಲಿದ ಅಂಚು, ಕಿಟಕಿಯ ಸುತ್ತಲ ದಪ್ಪ ಪಟ್ಟಿ, ಮೂಲೆಗಳಿಗೆ ಕೊಟ್ಟ ತೇಪೆ. ಇವು ಮೇಲ್ಬಟ್ಟೆ ಒಣಗಿದ ಎಷ್ಟೋ ತಾಸಿನ ಮೇಲೆ ಒಣಗುತ್ತವೆ.

ತೊಳೆದ ದಿನ ಚಪ್ಪರ ನಿಂತ ಹಾಗೆಯೇ ಒಣಗಲಿ. ಜಿಪ್ಪುಗಳನ್ನೆಲ್ಲ ತೆರೆದು, ಕಿಟಕಿಯ ಪರದೆಗಳನ್ನು ಬಿಚ್ಚಿ, ಕೆಳಸೆರಗನ್ನು ಮೇಲಕ್ಕೆ ಮಡಿಸಿ ಬಟ್ಟೆ ಕ್ಲಿಪ್ ಹಾಕಿ. ಮರುದಿನ ಹತ್ತು ಗಂಟೆಯ ಹೊತ್ತಿಗೆ, ಬೆಳಗಿನ ಮಂಜು ಪೂರ್ತಿ ಆರಿದ ಮೇಲೆ, ಒಳಬದಿ ಹೊರಗೆ ಮಾಡಿ ದಪ್ಪ ಹಗ್ಗದ ಮೇಲೆ ಹಾಕಿ. ತೆಳು ತಂತಿ ಬೇಡ, ಅದರ ಗೆರೆ ಲೇಪದಲ್ಲಿ ಉಳಿಯುತ್ತದೆ. ಗಂಟೆಗೊಮ್ಮೆ ಜಾಗ ಬದಲಿಸಿ. ಸಗಣಿ ಸಾರಿಸಿದ ಅಂಗಳವಾದರೆ ಬಟ್ಟೆ ನೆಲಕ್ಕೆ ತಾಗದಂತೆ ಚಾಪೆ ಹಾಸಿ. ಮಧ್ಯಾಹ್ನ ಮೂರರ ಮೇಲೆ ಘಟ್ಟದ ಮೇಲೆ ಮೋಡ ಕಟ್ಟುವುದು ಮೇ ತಿಂಗಳ ಗುಣ. ಗುಡುಗು ಕೇಳುವ ಮುನ್ನವೇ ಒಳಗೆ ತನ್ನಿ. ಆ ದಿನ ಆಗದಿದ್ದರೆ ಜಗಲಿಯಲ್ಲಿ ಸಡಿಲವಾಗಿ ಹರವಿಟ್ಟು ಮರುದಿನ ಮತ್ತೆ ಹಾಕಿ. ಅವಸರಕ್ಕೆ ಇಸ್ತ್ರಿಪೆಟ್ಟಿಗೆ, ಒಲೆಯ ಮುಂದೆ ಹಿಡಿಯುವುದು ಎರಡೂ ಬೇಡ, ಲೇಪ ಕರಗುತ್ತದೆ.

ಒಣಗಿತೇ ಎಂದು ತಿಳಿಯಲು ಅಂಗೈ ಸಾಲದು, ಬಿಸಿಲಿನಲ್ಲಿ ಅದು ಮೋಸ ಮಾಡುತ್ತದೆ. ಬಟ್ಟೆಯನ್ನು ನೆರಳಿಗೆ ತಂದು ಹತ್ತು ನಿಮಿಷ ಬಿಟ್ಟು, ಹೊಲಿಗೆಯನ್ನು ಕೆನ್ನೆಗೆ ಒತ್ತಿ ನೋಡಿ. ಚೂರು ತಂಪೆನಿಸಿದರೂ ಒಳಗೆ ನೀರಿದೆ.

ಕಂಬ, ಗೂಟ, ಜಿಪ್

ಉಕ್ಕಿನ ಕಂಬಗಳ ಒಳಗೆ ಕಡಲ ನೀರು ಸೇರಿರುತ್ತದೆ. ಭಾಗಗಳನ್ನು ಬೇರೆ ಮಾಡಿ, ಸಿಹಿನೀರು ಹಾಯಿಸಿ, ಗೋಡೆಗೆ ನೆಟ್ಟಗೆ ಒರಗಿಸಿ ಒಂದು ದಿನ ಬಿಡಿ. ಅಲ್ಯೂಮಿನಿಯಂ ಕಂಬ ತುಕ್ಕು ಹಿಡಿಯುವುದಿಲ್ಲವೆಂದು ನಂಬಿ ಕೂರಬಾರದು. ಕಂಬದಲ್ಲಿ ಒತ್ತಿ ಕೂಡಿಸುವ ಉಕ್ಕಿನ ಗುಂಡಿಗಳ ಸುತ್ತ ಉಪ್ಪುನೀರು ನಿಂತರೆ ಎರಡು ಲೋಹಗಳ ನಡುವೆ ಅಲ್ಯೂಮಿನಿಯಂ ಕರಗಿ ಸುಣ್ಣದಂಥ ಬಿಳಿ ಪುಡಿ ಏಳುತ್ತದೆ, ಆಮೇಲೆ ಕಂಬ ಕಂಬಕ್ಕೆ ಕಚ್ಚಿ ಕೂರುತ್ತದೆ. ಪುಡಿಯನ್ನು ಒರಟು ಬಟ್ಟೆಯಿಂದ ಉಜ್ಜಿ, ಸಿಲಿಕೋನ್ ಸ್ಪ್ರೇಯನ್ನು ತೆಳುವಾಗಿ ಹೊಡೆದು, ಭಾಗಗಳನ್ನು ಬಿಡಿಬಿಡಿಯಾಗಿಯೇ ಇಡಿ. ಯಾವ ಕಂಬ ಎಲ್ಲಿಗೆ ಎಂದು ಬಣ್ಣದ ಟೇಪ್ ಸುತ್ತಿದರೆ ಅಕ್ಟೋಬರ್‌ನಲ್ಲಿ ಅರ್ಧ ತಾಸು ಉಳಿಯುತ್ತದೆ. ಗಾಳಿ ತುಂಬುವ ಕೊಳವೆಗಳ ಚಪ್ಪರವಾದರೆ ವಾಲ್ವ್‌ನ ಸುತ್ತಲ ಮರಳು ಒರೆಸಿ, ಗಾಳಿ ಪೂರ್ತಿ ಬಿಟ್ಟು, ಕೊಳವೆಗೆ ಚೂಪಾದ ಮಡಿಕೆ ಬೀಳದಂತೆ ನೋಡಿಕೊಳ್ಳಿ.

ಗೂಟಗಳನ್ನು ತೊಳೆದು, ಬಾಗಿದ್ದನ್ನು ನೆಟ್ಟಗೆ ಮಾಡಿ, ಪ್ರತ್ಯೇಕ ಡಬ್ಬಿಗೆ ಹಾಕಿ. ಕಬ್ಬಿಣದ ಗೂಟವೊಂದು ಬಟ್ಟೆಯ ಜೊತೆ ಚೀಲಕ್ಕೆ ಸೇರಿದರೆ ನಾಲ್ಕು ತಿಂಗಳಲ್ಲಿ ತುಕ್ಕಿನ ಕಲೆ ಹತ್ತು ಪದರ ದಾಟಿರುತ್ತದೆ.

ಜಿಪ್ಪಿಗೆ ತೆಂಗಿನೆಣ್ಣೆ ಹಚ್ಚುವ ಅಭ್ಯಾಸ ನಮ್ಮಲ್ಲಿ ಬಹಳ ಜನರಿಗಿದೆ. ಹಚ್ಚಿದಾಗ ಸರಾಗವಾಗಿ ಓಡುತ್ತದೆ ನಿಜ, ಆದರೆ ಎಣ್ಣೆ ಮರಳನ್ನು ಹಿಡಿದು ಹಲ್ಲುಗಳನ್ನು ಅರೆಯುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೊಳೆದು ಒಣಗಿಸಿ, ಮೇಣದಬತ್ತಿಯನ್ನು ಒಮ್ಮೆ ಉಜ್ಜಿದರೆ ಸಾಕು.

ಮಡಚುವುದು

ಚೀಲದ ಅಗಲವನ್ನು ಮೊದಲು ನೋಡಿಕೊಳ್ಳಿ. ಸ್ವಚ್ಛವಾದ ಚಾಪೆಯ ಮೇಲೆ ಬಟ್ಟೆಯನ್ನು ಚಪ್ಪಟೆಯಾಗಿ ಹರವಿ, ಗೋಡೆಗಳನ್ನು ಒಳಕ್ಕೆ ತಂದು ಚೌಕ ಮಾಡಿ. ಕಿಟಕಿಯ ಪಾರದರ್ಶಕ ಪ್ಲಾಸ್ಟಿಕ್ ಮೇಲೆ ಮಡಿಕೆ ಬೀಳಬಾರದು. ಬಿದ್ದರೆ ಅಲ್ಲಿ ಬಿಳಿ ಗೆರೆ ಮೂಡಿ, ಮುಂದಿನ ವರ್ಷ ಅದೇ ಗೆರೆಯಲ್ಲಿ ಸೀಳುತ್ತದೆ. ಪ್ಲಾಸ್ಟಿಕ್‌ಗೆ ಪ್ಲಾಸ್ಟಿಕ್ ತಾಗದಂತೆ ನಡುವೆ ಬಿಳಿ ಹತ್ತಿಯ ಹಳೆಯ ಪಂಚೆ ಹಾಕುತ್ತೇನೆ. ಪತ್ರಿಕೆಯ ಹಾಳೆ ಹಾಕಬೇಡಿ, ಅಕ್ಷರಗಳು ಕಿಟಕಿಗೆ ಅಂಟಿಕೊಳ್ಳುತ್ತವೆ. ಬಣ್ಣದ ಸೀರೆ ತುಂಡೂ ಬೇಡ. ಚೀಲದ ಅಗಲಕ್ಕೆ ಸರಿಯಾಗಿ ಉದ್ದುದ್ದ ಮಡಚಿ, ಮುಚ್ಚಿದ ತುದಿಯಿಂದ ತೆರೆದ ತುದಿಯ ಕಡೆಗೆ ಚಾಪೆ ಸುತ್ತಿದಂತೆ ಸುತ್ತಿ. ಆಗ ಒಳಗಿನ ಗಾಳಿ ಮುಂದಕ್ಕೆ ಸಾಗಿ ಹೊರಬೀಳುತ್ತದೆ. ಬಹಳ ಬಿಗಿ ಬೇಡ. ಪ್ರತಿ ವರ್ಷ ಮಡಿಕೆಯನ್ನು ನಾಲ್ಕು ಬೆರಳು ಆಚೀಚೆ ಮಾಡಿ. ಒಂದೇ ಗೆರೆಯಲ್ಲಿ ಮಡಚಿದರೆ ಲೇಪ ಅಲ್ಲೇ ಬಿರಿಯುತ್ತದೆ.

ಎಲ್ಲಿ ಇಡುವುದು

ಪ್ಲಾಸ್ಟಿಕ್ ಚೀಲದೊಳಗೆ ಇಟ್ಟು ಬಾಯಿ ಕಟ್ಟಬೇಡಿ. ಎಲ್ಲೋ ಉಳಿದ ಒಂದು ಹನಿ ತೇವಕ್ಕೂ ಹೊರದಾರಿ ಇರುವುದಿಲ್ಲ. ಗೋಣಿಚೀಲವೂ ಬೇಡ, ಸೆಣಬು ತೇವವನ್ನು ಹೀರುತ್ತದೆ. ಒಗೆದು ಒಣಗಿಸಿದ ಹತ್ತಿಯ ಹಾಸುಬಟ್ಟೆಯಲ್ಲಿ ಸುತ್ತಿ, ಚಪ್ಪರದ ಚೀಲದ ಬಾಯಿಯನ್ನು ಸಡಿಲವಾಗಿ ಕಟ್ಟಿ.

ಜಾಗದ ಆಯ್ಕೆಯಲ್ಲಿ ಮೂರು ಶತ್ರುಗಳಿದ್ದಾರೆ: ಗೋಡೆ, ನೆಲ, ಇಲಿ. ಕರಾವಳಿಯ ಚಿರೆಕಲ್ಲಿನ ಗೋಡೆ ಮಳೆಗಾಲದುದ್ದಕ್ಕೂ ಶೀತ ಬಿಡುತ್ತದೆ, ಅದಕ್ಕೆ ಒರಗಿಸಿದ ಬದಿ ಒದ್ದೆಯಾಗುತ್ತದೆ. ನೆಲದಿಂದ ಶೀತವೂ ಒರಲೆಯೂ ಏಳುತ್ತವೆ. ಇಲಿಗಳಿಗೆ ಸುತ್ತಿಟ್ಟ ಬಟ್ಟೆಯಷ್ಟು ಹಿತವಾದ ಬಾಣಂತಿ ಕೋಣೆ ಬೇರೆ ಇಲ್ಲ. ಮೂರಕ್ಕೂ ಒಂದೇ ಉತ್ತರ, ಮನೆಯೊಳಗೆ ಜನ ಓಡಾಡುವ ಕೋಣೆಯ ಮಾಡಿನ ಜಂತಿಗೆ ಎರಡು ಅಗಲ ಪಟ್ಟಿಗಳಿಂದ ತೂಗುಹಾಕುವುದು. ಭಾರದ ಕ್ಯಾನ್ವಾಸ್ ಆದರೆ ಮಂಚದ ಮೇಲೋ ಎತ್ತರದ ಹಲಗೆಯ ಮೇಲೋ ಗೋಡೆಯಿಂದ ಗೇಣು ದೂರ ಇಡಿ.

ಘಟ್ಟದ ಮೇಲಿನ ಮನೆಗಳಲ್ಲಿ ಅಡುಗೆಮನೆಯ ಮೇಲಿನ ಅಟ್ಟ ಮಳೆಗಾಲದಲ್ಲೂ ಬೆಚ್ಚಗಿರುತ್ತದೆ. ಹತ್ತಿಯ ಬಟ್ಟೆಗೆ ಅದಕ್ಕಿಂತ ಒಳ್ಳೆಯ ಜಾಗ ನಾನು ಕಂಡಿಲ್ಲ, ಆದರೆ ಸೌದೆ ಒಲೆಯಿದ್ದರೆ ಹೊಗೆಯ ಮಸಿ ಹಿಡಿಯದಂತೆ ಸುತ್ತಬೇಕು. ಲೇಪದ ಪಾಲಿಯೆಸ್ಟರ್‌ಗೂ ಪಿವಿಸಿಗೂ ಒಲೆಯ ಮೇಲಿನ ಕಾವು ಆಗದು. ಕ್ಯಾರವಾನಿನ ಒಳಗೇ ಬಿಡುವುದು ಸುಲಭವೆನಿಸಿದರೂ ಬಾಗಿಲು ಮುಚ್ಚಿ ನಿಂತ ವಾಹನದೊಳಗೆ ಹಾಸಿಗೆಯೇ ಬೂಸಲು ಹಿಡಿಯುತ್ತದೆ, ಚಪ್ಪರವನ್ನು ಅದರ ಜೊತೆ ಸೇರಿಸಬೇಡಿ.

ತೇವ ಹೀರಲೆಂದು ಹಾಕುವ ಸಿಲಿಕಾ ಜೆಲ್‌ನ ಪುಟ್ಟ ಪೊಟ್ಟಣಗಳು ಗಾಳಿ ಆಡುವ ಇಷ್ಟು ದೊಡ್ಡ ಚೀಲಕ್ಕೆ ಏನೂ ಸಾಲವು. ನುಸಿಗುಳಿಗೆಗಳನ್ನು ಹಾಕುವುದಾದರೆ ಪ್ಲಾಸ್ಟಿಕ್ ಕಿಟಕಿಗೆ ತಾಗದಂತೆ ಬಟ್ಟೆಯಲ್ಲಿ ಕಟ್ಟಿ ಹೊರಗೆ ತೂಗಿಸಿ. ಬೆಚ್ಚಗಿರಲೆಂದು ಪಕ್ಕದಲ್ಲಿ ಬಲ್ಬ್ ಉರಿಸಿಡುವುದು ಬೆಂಕಿಗೆ ಆಹ್ವಾನ, ಆ ದಾರಿ ಹಿಡಿಯಬೇಡಿ.

ಸುರುಳಿ ಚಪ್ಪರ ಇದ್ದವರಿಗೆ

ವಾಹನದಿಂದ ಬಿಚ್ಚಲಾಗದ್ದರಿಂದ ನಿಮ್ಮ ಕೆಲಸ ಮಳೆಗಾಲದಲ್ಲೂ ಮುಗಿಯುವುದಿಲ್ಲ. ಮೇ ತಿಂಗಳಲ್ಲಿ ಮೇಲೆ ಹೇಳಿದಂತೆಯೇ ತೊಳೆದು ಒಣಗಿಸಿ ಸುತ್ತಿ. ತೋಳುಗಳ ಕೀಲುಗಳಿಗೆ ಸಿಹಿನೀರು ಹಾಯಿಸಿ ಒಣಗಿದ ಮೇಲೆ ಸಿಲಿಕೋನ್ ಸ್ಪ್ರೇ ಹೊಡೆಯಿರಿ. ಪೆಟ್ಟಿಗೆಯ ತುದಿಯ ಮುಚ್ಚಳ ಬಿರಿದಿದೆಯೇ, ಕಡಜ ಮಣ್ಣಿನ ಗೂಡು ಕಟ್ಟಿದೆಯೇ ನೋಡಿ. ತೋಡಿನ ತುದಿಯನ್ನು ಅದು ಒಂದೇ ವಾರದಲ್ಲಿ ಮುಚ್ಚಿಬಿಡುತ್ತದೆ. ವಾಹನವನ್ನು ಮಾಡಿನ ಕೆಳಗೆ ನಿಲ್ಲಿಸಿ. ಆರಿದ್ರಾ ಆರದೆ ಹೊಯ್ಯುತ್ತದೆ ಎನ್ನುವ ಮಾತಿದೆ, ಆ ಎರಡು ವಾರ ಏನೂ ಮಾಡಲಾಗದು. ಆಮೇಲೆ ಬಿಸಿಲು ಬಿದ್ದ ದಿನವೆಲ್ಲ ಎರಡು ತಾಸು ಹೊರಗೆ ಚಾಚಿ ಮತ್ತೆ ಸುತ್ತಿ.

ಪ್ರವಾಸದಲ್ಲಿ ಒದ್ದೆಯಾಗಿಯೇ ಸುತ್ತಬೇಕಾದ ದಿನ ಬಂದೇ ಬರುತ್ತದೆ. ಸುತ್ತಿ, ಆದರೆ ಮನೆ ಸೇರಿದ ದಿನವೇ, ಹೆಚ್ಚೆಂದರೆ ಮರುದಿನ, ಬಿಚ್ಚಿ ಒಣಗಿಸಿ. ಮಳೆಯಲ್ಲಿ ಚಪ್ಪರ ಹಾಕಿದ್ದರೆ ಒಂದು ಮೂಲೆಯನ್ನು ಗೇಣು ತಗ್ಗಿಸಿ ನೀರಿಗೆ ದಾರಿ ಕೊಡಿ. 3 ಮೀಟರ್ ಉದ್ದ, 2.5 ಮೀಟರ್ ಅಗಲದ ಬಟ್ಟೆಯ ಮೇಲೆ 10 ಮಿಲಿಮೀಟರ್ ಮಳೆ ನಿಂತರೆ ಅದು 75 ಲೀಟರ್, 75 ಕಿಲೋ. ನಮ್ಮ ಕರಾವಳಿಯ ಒಂದು ಜೋರು ಹೊಯ್ಲು ಸಾಕು ಅಷ್ಟಕ್ಕೆ.

ಮಳೆಗಾಲದ ನಡುವೆ, ಮತ್ತು ಬಿಚ್ಚುವ ದಿನ

ಆಗಸ್ಟ್‌ನಲ್ಲಿ ಶ್ರಾವಣದ ಬಿಸಿಲು ಇಣುಕುವ ಒಂದು ದಿನ ಚೀಲವನ್ನು ಕೆಳಗಿಳಿಸಿ, ಬಾಯಿ ಬಿಚ್ಚಿ, ಮೂಗು ಹತ್ತಿರ ಒಯ್ಯಿರಿ. ಬಟ್ಟೆಯ ವಾಸನೆಯೇ ಬಂದರೆ ಕೈ ಒಳಗೆ ಹಾಕಿ ನಡುವಿನ ಮಡಿಕೆಯನ್ನು ಮುಟ್ಟಿ ನೋಡಿ ಮತ್ತೆ ಕಟ್ಟಿ. ಮುಗ್ಗಲಿನ ಸುಳಿವು ಸಿಕ್ಕರೆ ಆ ಕ್ಷಣವೇ ಪೂರ್ತಿ ಬಿಡಿಸಿ ಜಗಲಿಯಲ್ಲಿ ಹರವಿ, ಫ್ಯಾನ್ ಹಾಕಿ. ಬೂಸಲು ಮೊದಲ ವಾರದಲ್ಲಿ ಬಟ್ಟೆಯ ಮೇಲಿರುತ್ತದೆ, ಒರೆಸಿದರೆ ಹೋಗುತ್ತದೆ. ತಿಂಗಳು ಬಿಟ್ಟರೆ ಎಳೆಯೊಳಗೆ ಇಳಿಯುತ್ತದೆ.

ಅಕ್ಟೋಬರ್‌ನಲ್ಲಿ ಪ್ರವಾಸ ಹೊರಡುವ ಹಿಂದಿನ ದಿನ ಬಿಚ್ಚುವುದು ಬೇಡ, ಒಂದು ವಾರ ಮುಂಚೆ ಅಂಗಳದಲ್ಲಿ ನಿಲ್ಲಿಸಿ. ಹಗ್ಗಗಳನ್ನು ಎಳೆದು ನೋಡಿ, ಜಿಪ್ಪುಗಳನ್ನು ಎರಡು ಸಲ ಓಡಿಸಿ, ಒಳಗೆ ನಿಂತು ಬಿಸಿಲಿಗೆ ಮುಖ ಮಾಡಿ ಮಾಡನ್ನು ನೋಡಿ. ಹೊಲಿಗೆ ಬಿಟ್ಟ ತೂತುಗಳು ಬೆಳಕಿನ ಚುಕ್ಕೆಗಳಾಗಿ ಕಾಣುತ್ತವೆ. ಅವಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿ ಅಂಟು ಹಚ್ಚಲು ಆ ಒಂದು ವಾರ ಬೇಕಾಗುತ್ತದೆ.